ಊದಿ

ಬೆಳಿಗ್ಗೆ ಎಂಟಕ್ಕೆ ನನ್ನ ಮೊದಲ ಮಾತು: ಊದಿ.
ಒಸಿಯೆಕ್ ಊರಿನ ಈ ಹಗಲು ಆಸ್ಪತ್ರೆಯಲ್ಲಿ
ನಮಸ್ಕಾರಕ್ಕೂ ಮುಂಚೆ ಅದೇ.
ಒಲೆ ಊದಿದವರಿದ್ದಾರೆ, ತುತ್ತೂರಿ ಊದಿದವರು,
ಮಂಡಿ ತರಚಿದ ಮಗುವಿಗೆ ಉಫ್ ಎಂದವರೂ.
ಈಗ ಬೆರಳುದ್ದದ ಪ್ಲಾಸ್ಟಿಕ್ ಕೊಳವೆಗೆ
ತುಟಿಯಿಟ್ಟು, ಕೆನ್ನೆಯುಬ್ಬಿಸಿ,
ಐವತ್ತರ ಆಚೀಚಿನ ಗಂಡಸರು
ಪರೀಕ್ಷೆ ಬರೆದ ಹುಡುಗರಂತೆ ನನ್ನ ಮುಖ ನೋಡುತ್ತಾರೆ.

ಸೊನ್ನೆ. ಸೊನ್ನೆ. ಸೊನ್ನೆ.
ಸೊನ್ನೆಗೆ ಇಷ್ಟು ಬೆಲೆಯಿರುವ ಜಾಗ
ನಾನು ಬೇರೆ ಕಂಡಿಲ್ಲ.

ಆಮೇಲೆ ಕುರ್ಚಿಗಳ ತಕರಾರು.
ಬಾಗಿಲಿಗೆ ಬೆನ್ನು ಮಾಡಿ ಕೂರಲು ಯಾರೂ ಒಲ್ಲರು,
ಹನ್ನೊಂದು ಜನ, ಗೋಡೆ ನಾಲ್ಕೇ.
ಕೊನೆಗೆ ಡಾಕ್ಟರ್ ನೆವೆಂಕಾ ತಾವೇ ಕೂರುತ್ತಾರೆ.
"ಹಿಂದೆ ನಾನು ನೋಡ್ಕೋತೀನಿ" ಅನ್ನುತ್ತಾನೆ ವ್ಲಾಡೊ,
ಗಂಟೆಗಟ್ಟಲೆ ನೋಡಿಕೊಳ್ಳುತ್ತಾನೆ,
ಒಂದು ಮಾತೂ ಆಡದೆ.

ಆಂತುನ್ ಮಾತ್ರ ಎಣಿಸುತ್ತಾನೆ.
ಮೆಟ್ಟಿಲು, ಕಿಟಕಿ, ಮಾತ್ರೆ, ನನ್ನ ಕೋಟಿನ ಗುಂಡಿ.
ಹತ್ತೊಂಬತ್ತರಲ್ಲಿ ಎರಡು ರಾತ್ರಿ
ಮೆಕ್ಕೆಜೋಳದ ಹೊಲದಲ್ಲಿ ಅಂಗಾತ ಮಲಗಿದ್ದನಂತೆ;
ಗರಿ ಸರಸರ ಎಂದರೆ ಗಾಳಿಯೋ ಕಾಲೋ
ತಿಳಿಯಲು ಎಣಿಸಲೇಬೇಕಿತ್ತಂತೆ.
ಗಾಳಿಗೆ ಲೆಕ್ಕ ಸಿಗುವುದಿಲ್ಲ, ಕಾಲಿಗೆ ಸಿಗುತ್ತದೆ.
ಇಷ್ಟು ಹೇಳಲು ಅವನಿಗೆ
ಏಳು ತಿಂಗಳು ಬೇಕಾಯಿತು.

ಮೂರಕ್ಕೆ ಬಿಡುತ್ತೇವೆ. ಕಷ್ಟ ಅಲ್ಲಿಂದ ಶುರು.
ಬೀಗದ ವಾರ್ಡಿನಲ್ಲಿ ಬಾಗಿಲೇ
ರೋಗಿಯ ಪರವಾಗಿ ಜಗಳವಾಡುತ್ತದೆ.
ನಮ್ಮದು ತೆರೆದ ಬಾಗಿಲು; ಜಗಳವೆಲ್ಲ ಅವರದೇ.
ಟ್ರಾಮ್ ನಿಲ್ದಾಣಕ್ಕೆ ಆರುನೂರ ನಲವತ್ತು ಹೆಜ್ಜೆ,
ನಡುವೆ ನಾಲ್ಕು ಪಾನಶಾಲೆ,
ಒಂದೊಂದರಲ್ಲೂ ಒಬ್ಬ ಹಳೆಯ ಗೆಳೆಯ:
"ಒಂದೇ ಒಂದು, ಸತ್ತವರ ಹೆಸರಲ್ಲಿ."
ಸತ್ತವರ ಹೆಸರು ಹೇಳಿದರೆ ಹೇಗೆ ಒಲ್ಲೆನ್ನುವುದು?
ಆಂತುನ್ ದ್ರಾವಾ ನದಿಯ ದಂಡೆ ಹಿಡಿಯುತ್ತಾನೆ.
ಎರಡು ಸಾವಿರದ ಮುನ್ನೂರ ಹತ್ತು.
ಜೇಬಿನ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ.

ಆಗಸ್ಟ್ ಕೊನೆಗೆ ಪ್ಲಮ್ ಹಣ್ಣಾಯಿತು.
ಅಪ್ಪ ನೆಟ್ಟ ಹದಿನಾಲ್ಕು ಮರ,
ಕೊಟ್ಟಿಗೆಯಲ್ಲಿ ಭಟ್ಟಿಯ ತಾಮ್ರದ ಹಂಡೆ.
"ಈ ವರ್ಷದ ರಾಕಿಯಾ ಯಾವಾಗ?"
ಭಾವಮೈದನ ಫೋನು ದಿನಕ್ಕೆರಡು ಸಲ.
ಒಂದು ಗುರುವಾರ ಆಂತುನ್ ಊದಿದ:
ಸೊನ್ನೆ ಬಿಂದು ಮೂರು ಎಂಟು.
ವಾದ ಹೂಡಲಿಲ್ಲ. ಯಂತ್ರ ಕೆಟ್ಟಿದೆ ಎನ್ನಲಿಲ್ಲ.
"ಮಾರ್ತಿನ್‌ಗೆ ನಿನ್ನೆ ಐವತ್ತು ತುಂಬುತ್ತಿತ್ತು" ಅಂದ.
ಯಾವ ಮಾರ್ತಿನ್ ಎಂದು ಕೇಳಲಿಲ್ಲ ನಾನು.
ಅಂಕಿ ಬರೆದೆ, ಚಹಾ ಕೊಟ್ಟೆ.
ಅಟ್ಟುವ ನಿಯಮ ನಮ್ಮಲ್ಲಿಲ್ಲ.
ಅಂದು ಬಾಗಿಲಿಗೆ ಬೆನ್ನು ಮಾಡಿ ಕೂತವನು ಆಂತುನ್.
ಅದು ಧೈರ್ಯವೋ, ಬಂದರೆ ಬರಲಿ ಎಂಬ ಬೇಸರವೋ,
ಗೊತ್ತಿಲ್ಲ. ಫೈಲಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಆಮೇಲೆ ಹದಿನಾರು ದಿನ ಸೊನ್ನೆ.
ಹದಿನೇಳನೆಯ ದಿನ ಒಂದು ಪೆಟ್ಟಿಗೆ ಹೊತ್ತು ತಂದ.
ಅದೇ ತಾಮ್ರದ ಹಂಡೆಯಲ್ಲಿ
ಎರಡು ಹಗಲು ಒಂದು ರಾತ್ರಿ ಮಗುಚಿದ ಪೆಕ್ಮೆಜ್:
ಸಕ್ಕರೆ ಹಾಕದೆ, ಹಣ್ಣಿನ ಸಿಹಿಯಲ್ಲೇ
ಬೆಂದು ಕಪ್ಪಾದ ಪ್ಲಮ್ ಪಾಕ.
ಜೊತೆಯವರಿಗೆ ಹತ್ತು ಜಾಡಿ, ಡಾಕ್ಟರಿಗೊಂದು, ನನಗೊಂದು.
ಮುಚ್ಚಳದ ಮೇಲೆ ತಾರೀಖು,
ಒಳಗಿರುವ ಹಣ್ಣೆಷ್ಟು ಎಂಬ ಸಂಖ್ಯೆ.
ಕೈಯುದ್ದ ಸುಟ್ಟ ಬೊಬ್ಬೆ. ತೋರಿಸಲಿಲ್ಲ; ನಾನೇ ನೋಡಿದೆ,
ಮುಲಾಮು ಹಚ್ಚಿದೆ,
ಊದಿದೆ.

ಮನೆಯಲ್ಲಿ ಬ್ರೆಡ್ಡಿಗೆ ಸವರಿ ಕಚ್ಚಿದರೆ
ಕಟಕ್! ಹಲ್ಲಿಗೆ ಒಂದು ಗೊರಟೆ.

ಮರುದಿನ ಹೇಳಲೋ ಬೇಡವೋ ಎಂದುಕೊಂಡೆ, ಹೇಳಿದೆ.
ಮುಖ ಬಿಳಿಚಿಕೊಂಡಿತು.
"ಎಷ್ಟು?"
"ಒಂದೇ."
ಜೇಬಿನಿಂದ ಪುಸ್ತಕ ತೆಗೆದ, ಪೆನ್ನು ಹುಡುಕಿದ,
ನನ್ನದನ್ನೇ ಇಸಕೊಂಡು ಏನೋ ಗೀಚಿದ.
"ಹಲ್ಲು?" ಅಂದ.
ಹಲ್ಲು ನೆಟ್ಟಗಿದೆ ಅಂದೆ.
ಅದನ್ನೂ ಬರೆದುಕೊಂಡ.