ಪ್ಯಾರಾ ಏಳಕ್ಕೆ ಉತ್ತರ

ಆಡಿಟ್‌ನವರು ಹಸಿರು ಶಾಯಿಯಲ್ಲಿ ಕೇಳಿದ್ದಾರೆ:
ಪರದೇಶದ ವಿದ್ಯಾರ್ಥಿನಿಗೆ ಎರಡು ವರ್ಷದ ವೇತನ,
ಹಾಸ್ಟೆಲ್ಲು, ದೋಣಿ ಬಾಡಿಗೆ, ಒಂದು ಜೊತೆ ಗಂಬೂಟು.
ಇದರಿಂದ ಸರ್ಕಾರಕ್ಕಾದ ಪ್ರಯೋಜನವೇನು?
ಬಲಕ್ಕೆ ಅರ್ಧ ಹಾಳೆ ಬಿಟ್ಟಿದ್ದಾರೆ, ಉತ್ತರಕ್ಕೆ.

ಕೋಡಿಬಾಗದ ಕಚೇರಿ. ಕಿಟಕಿಯಾಚೆ ಕಾಳಿ
ಇಳಿತಕ್ಕೆ ತನ್ನ ಕೆಸರು ಬಿಚ್ಚಿದ್ದಾಳೆ.
ಬರೆಯಬೇಕಾದವಳು ನಾನು, ದ್ವಿತೀಯ ದರ್ಜೆ ಸಹಾಯಕಿ,
ಮಾಜಾಳಿಯ ಶೇವಂತಿ ಹರಿಕಂತ್ರ.

ತಹ್ಮಿನಾ ಬಂದದ್ದು ಖುಲ್ನಾದ ಕಡೆಯಿಂದ,
ಒಂದು ಟ್ರಂಕು, ಒಂದು ಬಾಟಲಿ ಸಾಸಿವೆ ಎಣ್ಣೆ.
ಮೊದಲ ಐದು ತಿಂಗಳು ಹಣ ಬರಲಿಲ್ಲ,
ದಿಲ್ಲಿಯ ಕಾಗದ ಧಾರವಾಡದಲ್ಲಿ ಮಲಗಿತ್ತು.
ಮೆಸ್ಸಿನವರು ಬಾಕಿ ಬರೆದಿಟ್ಟ ನೋಟುಬುಕ್ಕಿಗೆ ವೋಚರ್ ಇಲ್ಲ.
ಸುಂಕೇರಿಯಲ್ಲಿ ಬೆಳಚು ಹೆಕ್ಕುವ ಹೆಂಗಸರು
ಅವಳ ಚೀಲಕ್ಕೆ ಹಾಕಿದ ಎರಡೆರಡು ಹಿಡಿಗೂ ಇಲ್ಲ.

ಅವರ ಜೊತೆ ಮೊಣಕಾಲುಮಟ ಹೂತು
ಕಾಂಡ್ಲಾ ಗಿಡಗಳಿಗೆ ನಂಬರು ಕಟ್ಟಿದಳು:
ನಾನೂರ ಹನ್ನೆರಡು ಗಿಡ, ನೀಲಿ ದಾರ, ಬಂಗಾಳಿ ಅಂಕಿ.
“ನಿಮ್ಮೂರಲ್ಲೂ ಇದೆಯೇನೇ ಇದು?” ಅಂದರೆ
“ಇದೆ. ಅದರೊಳಗೆ ಹುಲಿಯೂ ಇದೆ” ಅಂದಳಂತೆ.
ಬುಟ್ಟಿ ಕೆಳಗಿಟ್ಟು ನಕ್ಕರಂತೆ ಎಲ್ಲರೂ.

ಈಗ ನಿಜ ಹೇಳುತ್ತೇನೆ, ಸಾಹೇಬರೇ.
ನನ್ನ ತಂಗಿಯ ಮಗಳು ನಮ್ರತಾ, ಅಂಕೋಲೆಯಲ್ಲಿ ಬಿ.ಎಸ್ಸಿ.,
ಆಧಾರ್ ಕಾರ್ಡಿನಲ್ಲಿ ಹೆಸರಿಗೊಂದು ಅಕ್ಷರ ಹೆಚ್ಚಾಗಿ
ಅವಳ ಸ್ಕಾಲರ್‌ಶಿಪ್ಪು ಎಲ್ಲೋ ಗಾಳಿಯಲ್ಲಿದೆ.
ಕೊನೆಗೂ ತಹ್ಮಿನಾಳ ಬಿಲ್ಲು ಬಂದಾಗ
ಮೊಹರು ಎತ್ತಿದ ಕೈ ನಿಂತಿತು.
ಇಡೀ ಮಧ್ಯಾಹ್ನ ಅದು ನನ್ನ ಡ್ರಾಯರಿನಲ್ಲಿತ್ತು.
ಇದನ್ನು ನೀವು ಹಿಡಿದಿಲ್ಲ.

ನಾಲ್ಕೂವರೆಗೆ ಅವಳೇ ಬಂದಳು, ಬರಿಗಾಲು, ಕೆಸರು.
ಹಣ ಕೇಳಲಿಲ್ಲ. ಮೇಜಿನ ಮೇಲೊಂದು ಉದ್ದ ಕೋಡಿಟ್ಟು
“ದೀದಿ, ಇದು ತಾಯಿಮರದಲ್ಲೇ ಮೊಳೆಯುತ್ತೆ,
ಆಮೇಲೆ ಬೀಳುತ್ತೆ, ನೀರು ಒಯ್ದಲ್ಲಿಗೆ…”
ಗೊತ್ತು ಮಾರಾಯ್ತಿ, ಇದರ ಮೇಲೆ ಕಾಲಿಟ್ಟು
ಜಾರಿ ಬಿದ್ದೇ ನಾನು ದೊಡ್ಡವಳಾದದ್ದು, ಅಂದೆ.

ಮೊಹರು ಒತ್ತಿದೆ. ಕೋಡಿನಿಂದಲ್ಲ.
ಅವಳ ಹಿಮ್ಮಡಿಯಲ್ಲಿ ಕಲ್ವ ಕೊಯ್ದ ಗಾಯವಿತ್ತು,
ನನ್ನ ಆಯಿಯ ಹಿಮ್ಮಡಿಯಲ್ಲಿದ್ದಂಥದೇ.
ಗಂಬೂಟು ಯಾಕೆ ಹಾಕಲಿಲ್ಲವೆಂದು ಬೈದೆ.
“ಆ ಹೆಂಗಸರಿಗಿಲ್ಲವಲ್ಲ” ಅಂದಳು.

ಉತ್ತರ: ನಿಯಮಾನುಸಾರ ಪಾವತಿಸಲಾಗಿದೆ.
ಗಂಬೂಟು ಸ್ಟೋರಿಗೆ ಜಮಾ ಆಗಿದೆ.
ಪ್ಯಾರಾ ಕೈಬಿಡಲು ಕೋರಿದೆ.

ನಿನ್ನೆ ನಮ್ರತಾ ಬಂದವಳು ಅದರಲ್ಲಿ ಕಾಲು ತೂರಿಸಿ ನೋಡಿದಳು.
ಒಂದು ಬೆರಳು ದೊಡ್ಡದು.
ನೀಲಿ ದಾರ ಎಷ್ಟು ಉಳಿದಿದೆ, ಎಣಿಸಿ ಬರಲೇ ಅಂತ ಕೇಳುತ್ತಿದ್ದಳು.