ಹೊತ್ತು ಮುಳುಗದ ಊರು

ಮೂವತ್ತೊಂದು ವರ್ಷ ನಾವಿಬ್ಬರೂ
ಊರು ಮಲಗಿದ ಮೇಲೆ ಎದ್ದವರು.
ಬ್ರಾಗಾದ ಇಕ್ಕಟ್ಟು ಓಣಿಯಲ್ಲಿ ರಾತ್ರಿ ಎರಡಕ್ಕೆ
ಅಡೆಲಿನೊ ಒಲೆ ಹೊತ್ತಿಸುತ್ತಿದ್ದ, ನಾನು ಹಿಟ್ಟು ನಾದುತ್ತಿದ್ದೆ.
ಸಂಜೆಯೆಂಬುದನ್ನು
ಎಳೆದ ಪರದೆಯ ಸಂದಿನಲ್ಲಿ ಕಂಡದ್ದೇ ಹೆಚ್ಚು.

ಈಗ ಅಂಗಡಿ ಮಾರಿದ ಹಣದಿಂದ ಒಂದು ಚೂರು ಮುರಿದು
ತಾಲಿನ್‌ಗೆ ಬಂದಿದ್ದೇವೆ.
ಯಾಕೆ ಎಸ್ಟೋನಿಯಾ ಎಂದರೆ ಉತ್ತರವಿಲ್ಲ:
ಅಗ್ಗದ ಟಿಕೆಟ್ಟು, ಮತ್ತು ಗಿರಾಕಿಯೊಬ್ಬಳು ಬಿಟ್ಟುಹೋದ
ಕ್ಯಾಲೆಂಡರಿನ ಜೂನ್ ಪುಟ.

ಎರಡು ವಿಮಾನ, ನಡುವೆ ಆರು ಗಂಟೆ ಕಬ್ಬಿಣದ ಕುರ್ಚಿ.
ಪೆಟ್ಟಿಗೆಯ ಒಂದು ಚಕ್ರ ಫ್ರಾಂಕ್‌ಫರ್ಟಿನಲ್ಲೇ ಉಳಿಯಿತು.
ಕಲ್ಲುಹಾಸಿನ ಬೀದಿಯಲ್ಲಿ ಅದು ಕುಂಟುತ್ತ
ಲಟ ಪಟ ಲಟ
ಇಡೀ ಊರಿಗೆ ನಮ್ಮ ಬರವು ಸಾರಿತು.
"ಕೋಣೆ ಮೂರಕ್ಕೆ" ಎಂದಳು ಕೌಂಟರಿನ ಹುಡುಗಿ.
ಗಡಿಯಾರ ನೋಡಿದೆ: ಒಂಬತ್ತೂಕಾಲು.
ಇಷ್ಟು ಹೊತ್ತು ತಳ್ಳಬೇಕು. ಅದನ್ನೇ ಪ್ರವಾಸ ಎನ್ನುತ್ತಾರಂತೆ.

ನಕ್ಷೆ ಅವನ ಕೈಲಿ, ದಾರಿ ನನ್ನ ಬಾಯಲ್ಲಿ,
ಎರಡೂ ತಪ್ಪು.
ಒಂದೇ ಗೋಪುರವನ್ನು ಮೂರು ಕಡೆಯಿಂದ ನೋಡಿ
ಮೂರು ಗೋಪುರ ನೋಡಿದೆವೆಂದುಕೊಂಡೆವು.
ಕೋಟೆಗೋಡೆಯ ಬುಡದಲ್ಲಿ ಲೈಲಾಕ್ ಹೂಬಿಟ್ಟಿತ್ತು;
ನಾನು ಮೂಗು ಇಟ್ಟೆ, ಅವನು ಬೂಟು ಬಿಚ್ಚಿದ.
ಆಮೇಲೆ ಯಾವುದೋ ಚರ್ಚಿನ ತಂಪಿನಲ್ಲಿ ಕೂತವನು
ಹಾಗೇ ನಿದ್ದೆಹೋದ, ಬಾಯಿ ತೆರೆದು;
ಗೊರಕೆ ಕಮಾನಿಗೆ ತಾಗಿ ಮರಳಿ ಬಂತು.
ಮುಂದಿನ ಸಾಲಿನ ಮುದುಕ ತಿರುಗಿ ನೋಡಿ,
ಬೈಯಲಿಲ್ಲ,
ಮಡಿಚಿದ ತನ್ನ ಕೋಟನ್ನು ಮೆಲ್ಲಗೆ ಇತ್ತ ಚಾಚಿದ, ತಲೆಗೆಂದು.

ಮಾರುಕಟ್ಟೆಯಲ್ಲಿ ಸ್ಟ್ರಾಬೆರಿ ಕೊಂಡೆ.
ಚಿಲ್ಲರೆ ಕೊಟ್ಟಾಕೆ ಏನೋ ಎಂದಳು, ನಾನೂ ಏನೋ ಎಂದೆ.
ನಾಣ್ಯ ಅದೇ, ನಮ್ಮ ಗಲ್ಲಾಪೆಟ್ಟಿಗೆಯದೇ,
ಬೆನ್ನ ಮೇಲೆ ಮಾತ್ರ ಬೇರೆ ದೇಶ.
ತಿರುಗಿಸಿ ನೋಡಿದೆ; ಹಾಗೇ ಅಡೆಲಿನೊನನ್ನೂ:
ಕಿವಿಯ ಹಿಂದೊಂದು ಮಚ್ಚೆ,
ಇಷ್ಟು ವರ್ಷ ಹಿಟ್ಟಿನ ಕೆಳಗೆ ಇತ್ತೇನೋ.

ಟ್ರಾಮಿನಲ್ಲಿ ಜಗಳವಾಯಿತು. ಯಾತಕ್ಕೆಂದು ಈಗ ನೆನಪಿಲ್ಲ,
ನೀರಿನ ಬಾಟಲಿಗೋ, ಅವನ ತಂಗಿಗೋ.
ಒಬ್ಬರಿಗೂ ನಮ್ಮ ಭಾಷೆ ಬಾರದ ಊರಲ್ಲಿ
ಗಟ್ಟಿಯಾಗಿ ಜಗಳವಾಡುವ ಸುಖವೇ ಸುಖ,
ಇಳಿಯುವ ನಿಲ್ದಾಣ ದಾಟಿದ್ದು ತಿಳಿಯಲಿಲ್ಲ.
ಕೊನೆಗೆ ಇಳಿದರೆ ಎದುರಿಗೆ ಸಮುದ್ರ,
ನಮ್ಮದರಂತಲ್ಲ, ಅಲೆಯಿಲ್ಲ, ಸದ್ದಿಲ್ಲ.
ಬೆರಳದ್ದಿ ನೆಕ್ಕಿದ ಅವನು,
ಹಿಟ್ಟಿನ ರುಚಿ ನೋಡುವಂತೆ:
"ಉಪ್ಪು ಸಾಲದು."
ಜಗಳ ಅಲ್ಲಿಗೆ ಮುಗಿಯಿತು.

ರಾತ್ರಿ ಹತ್ತಾಯಿತು, ಹೊತ್ತು ಮುಳುಗಲಿಲ್ಲ.
ಹನ್ನೊಂದು. ಆಕಾಶ ಇನ್ನೂ ಕೆನೆಬಣ್ಣ.
ಪರದೆ ತೆಳ್ಳಗೆ, ಮಂಚದ ನಡುವೆ ತಗ್ಗು.
ಮೂವತ್ತೊಂದು ವರ್ಷ
ಮೂಟೆ ಹೊತ್ತು ಹೊತ್ತು ಸವೆದ ಬೆನ್ನಿಗೆ
ಈ ಹೊತ್ತನ್ನು ಇಳಿಸಲು ಒಂದಿಷ್ಟು ಕತ್ತಲು ಬೇಕಿತ್ತು;
ಇಲ್ಲಿ ಅದೊಂದೇ ಸಿಗುತ್ತಿಲ್ಲ.

ಎರಡಕ್ಕೆ ಇಬ್ಬರೂ ಒಟ್ಟಿಗೆ ಎದ್ದು ಕೂತೆವು,
ಯಾರೂ ಎಬ್ಬಿಸದೆ.
"ಮೂಗಿಗೆ ಬಂತಾ?" ಎಂದ.
ಬಂದಿತ್ತು. ಹುಳಿ, ರೈ, ಸೀದ ಅಂಚು.

ರಾತ್ರಿಯುಡುಗೆಯ ಮೇಲೆ ಕೋಟು ಹಾಕಿ ಇಳಿದೆವು.
ಎರಡು ತಿರುವಿನಾಚೆ ನೆಲಮಾಳಿಗೆಯ ಕಿಟಕಿ;
ಒಳಗೊಬ್ಬಳು, ಮೊಣಕೈವರೆಗೂ ಹಿಟ್ಟು,
ಭುಜಕ್ಕೆ ಹಣೆಯೊತ್ತಿ ಬೆವರೊರೆಸಿಕೊಂಡಳು,
ಥೇಟು ನನ್ನ ಹಾಗೆ.
ಅಡೆಲಿನೊ ಬಗ್ಗಿ ಗಾಜಿಗೆ ಮುಖವಿಟ್ಟ:
"ಒಲೆಯ ಕಾವು ಹೆಚ್ಚಾಯಿತು."
"ಅವಳ ಒಲೆ, ಅವಳ ಬ್ರೆಡ್ಡು, ನೀನು ಸುಮ್ಮನಿರು."

ಅವಳು ತಲೆಯೆತ್ತಿದಳು.
ಅವನು ಎರಡೂ ಅಂಗೈ ಬಿಚ್ಚಿ ಗಾಜಿಗೆ ತೋರಿಸಿದ,
ತಟ್ಟೆಯಂಚು ಎಳೆದ ಹಳೆಯ ಬರೆಗಳು.
ಅವಳು ತನ್ನವನ್ನು ತೋರಿಸಿದಳು.
ಅಷ್ಟೇ. ಬಾಗಿಲೇನೂ ತೆರೆಯಲಿಲ್ಲ, ಅವಳಿಗೆ ಕೆಲಸವಿತ್ತು.

ಮೆಟ್ಟಿಲ ಮೇಲೆ ಕೂತೆವು.
ಅವನ ತಲೆ ಭಾರವಾಗಿ ನನ್ನ ತೋಳಿಗೆ ಬಂತು.
ಯಾರೋ ಎದ್ದಿದ್ದಾರೆ,
ಹಿಟ್ಟು ಉಬ್ಬುತ್ತಿದೆ, ಅದು ನನ್ನದಲ್ಲ
ಎಂದುಕೊಳ್ಳುತ್ತಿದ್ದ ಹಾಗೇ,
ಆ ಬೆಳಕಿನಲ್ಲೇ,
ನನಗೂ ಕಣ್ಣು ಹತ್ತಿತು.