ಏಳು, ಆರು

ಬೆಳಗಿನ ಒಂಬತ್ತಕ್ಕೇ ಕಲಬುರಗಿ ಕಾದ ಹಂಚು.
ಪಾಲಿಟೆಕ್ನಿಕ್ಕಿನ ಮ್ಯಾಲಿನ ಲ್ಯಾಬಿನಾಗ
ಅಂಬಾರಾಯ ಹಳೇ ಧೋತರದ ಗಂಟು ಬಿಚ್ಚಿ
ಹನ್ನೆರಡು ಕಿಟ್ಟು ಸಾಲಾಗಿ ಇಡತಾನ,
ಕೂಸಿನ ಮೈ ಒರಸಿದಂಗ ಧೂಳ ಒರಸತಾನ.

ಅವಗ ಇಂಗ್ಲಿಷು ಬರಂಗಿಲ್ಲ. ಹೆಕ್ಸು ಬರತದ.
ಎಂಬತ್ತೊಂಬತ್ತರಾಗ ಡಬ್ಬಿ ಒಡೆದ ಸಾಹೇಬರು
ಹೇಳಿಕೊಟ್ಟದ್ದು ಒಂದೇ ಲೆಕ್ಕ:
ಮೂರು ಇ, ಸೊನ್ನೆ ಐದು.
ಸೊನ್ನೆ ಆರು, ಸೊನ್ನೆ ಮೂರು.
ಎಂಟು ಸೊನ್ನೆ.
ಮೂರು ಎರಡು, ಸೊನ್ನೆ ಸೊನ್ನೆ, ಎರಡು ಒಂದು.
ಕಡೀಕ ಏಳು, ಆರು.
ಓಡಿಸಿ, ರಿಸೆಟ್ ಒತ್ತಿ,
ಇಪ್ಪತ್ತೊಂದು ನೂರನೇ ಮನಿ ಬಾಗಲ ತಟ್ಟಿದರ
ಒಳಗ ಕುಂತಿರತದ ಕೆಂಪಗ: ಸೊನ್ನೆ ಎಂಟು.
ಹೂಂ, ಅಂತಾನ. ಮುಂದಿನ ಕಿಟ್ಟಿಗೆ ಹೋಗತಾನ.
ಐದಕ್ಕ ಮೂರು ಕೂಡಿಸಿದರ ಎಷ್ಟು?
ಮೂವತ್ನಾಲ್ಕು ವರ್ಷ, ದಿನಾ ಹನ್ನೆರಡು ಸಲ.
ಬ್ಯಾಸರಿಲ್ಲ, ಇಬ್ಬರಿಗೂ.

ಹೊಸ ಹುಡುಗರಿಗೆ ಹೇಳತಾನ: ಏಳು ಆರು ಮರೀಬ್ಯಾಡ್ರಿ.
ಅದು ನಿಲ್ಲು ಅನ್ನೋ ಮಾತು.
ಅನ್ನದಿದ್ದರ ಕೆಲಸ ಮುಗಿದದ್ದು ಅದಕ್ಕ ತಿಳಿಯಂಗಿಲ್ಲ,
ಮುಂದ ಬಿದ್ದ ಕಸಾನೂ ಹುಕುಂ ಅಂತ ತಿಳಕೊಂಡು
ಓಡಕೋತ ಹೋಗತದ.
ಆಮ್ಯಾಲ ನನ್ನ ಕಡೆ ತಿರುಗಿ, ಮೆಲ್ಲಗ:
ಏಳು ಅಂದ್ರ ಮ್ಯಾಲೇಳು, ಸರ. ಆರು ಅಂದ್ರ ದೀಪದಂಗ ಆರು.
ದುಡಿದವ ಮಾಡೂದು ಅಷ್ಟೇ ಅಲ್ಲೇನ್ರಿ?
ನಾನು ಮಾಸ್ತರ. ನನಗ ಹೊಳೆದಿರಲಿಲ್ಲ.

ನಾನು ಬೋರ್ಡಿನ ಮ್ಯಾಲ ವಂಶಾವಳಿ ಬರೀತೀನಿ.
ಎಪ್ಪತ್ತೊಂದರಾಗ ಮೊದಲನೇದು, ಉಗರಿಗಿಂತ ಸಣ್ಣದು,
ಜಪಾನಿನ ಲೆಕ್ಕದ ಯಂತ್ರಕ್ಕಂತ ಹುಟ್ಟಿದ್ದು,
ಎರಡು ಸಾವಿರದ ಮುನ್ನೂರು ಸ್ವಿಚ್ಚು.
ಕೆಲಸಕ್ಕೊಂದು ಯಂತ್ರ ಯಾಕ ಕಟ್ಟಬೇಕು,
ಯಂತ್ರ ಒಂದೇ ಇರಲಿ, ಕೆಲಸ ಬರೆದು ಕೊಡೋಣ—
ಅಷ್ಟೇ ಹೊಳೆದದ್ದು, ಆದರ ಅಷ್ಟರಾಗ ಎಲ್ಲಾ ಇತ್ತು.
ಆಮ್ಯಾಲ ಈ ನಮ್ಮದು: ಆರೂವರೆ ಸಾವಿರ ಸ್ವಿಚ್ಚು,
ನಾಲ್ವತ್ತು ಕಾಲಿನ ಕರೀ ಹುಳ.
ನುಸ್ರತ್ ಸೀಳು ಬಿಟ್ಟ ಫೋನು ಎತ್ತಿ ಕೇಳತಾಳ:
ಇದರಾಗ ಇಂಥವು ಎಷ್ಟು ಹಿಡಸತಾವ, ಸರ?
ಹೆಚ್ಚು ಕಮ್ಮಿ ಸಾವಿರ ಕೋಟಿ, ಭಾಗಿಸು ಆರೂವರೆ ಸಾವಿರ.
ಹದಿನೈದು ಲಕ್ಷ.
ಊರ ಮಂದಿಗೆ ತಲಿಗೆರಡು ಹಂಚಿದರೂ ಮಿಗತಾವ,
ಅಂದ ಅಂಬಾರಾಯ, ಕಿಟಕ್ಯಾಗ ನಿಂತು,
ಖರೇನೇ ಹಂಚೋನಂಗ.

ಅವನ ಹೆಂಡತಿ ಜಗದೇವಿ ದಾಲ್ ಮಿಲ್ಲಿನಾಗ
ಇಪ್ಪತ್ತು ವರ್ಷ ತೊಗರಿಬ್ಯಾಳಿ ಹಸನು ಮಾಡಿದಾಕಿ.
ಈಗ ಅಲ್ಲಿ ಕಣ್ಣಿನ ಯಂತ್ರ ಬಂದದ.
ಬ್ಯಾಳಿ ಬೀಳೂದ್ರಾಗೇ ಒಂದೊಂದನ್ನ ನೋಡಿ
ಕಪ್ಪಿದ್ದದ್ದನ್ನ ಉಫ್ ಅಂತ ಊದಿ ಒಗೀತದ.
ಆಕಿ ಅದರ ಬಾಯಿಗೆ ಚೀಲ ಹಿಡೀತಾಳ.
ಒಂದಿನ ಬುತ್ತಿ ತಂದಾಗ ಕಿಟ್ಟಿನ ಕಡೆ ಬಟ್ಟು ಮಾಡಿದಳು:
ಇದಕ್ಕ ಏನೇನು ತಿಳೀತದ?
ಹೌದು, ಅಲ್ಲ. ಎರಡೇ, ಅಂದೆ.
ಸೆರಗು ಬಾಯಿಗೆ ಹಿಡಿದು ನಕ್ಕಳು.
ನನಗ ಮೂರು ಬರತಿದ್ದವು, ಸರ.
ಹೌದು. ಅಲ್ಲ.
ಇರಲಿ ಬಿಡು, ಕುದ್ರ ಕರಗತದ.

ಆ ಮೂರನೇದಕ್ಕ ಯಾವ ಕೋಡು ಅಂತ
ನನ್ನ ಪುಸ್ತಕದಾಗ ಇರಲಿಲ್ಲ.
ರೊಟ್ಟಿ ಬಿಚ್ಚಿದೆವು. ಪುಂಡಿಪಲ್ಯ ಇತ್ತು.

ಮಾರ್ಚಿನಾಗ ಪಾಠಪಟ್ಟಿ ಬದಲಾತು.
ಕಿಟ್ಟುಗಳ ಬೆನ್ನಿಗೆ ನಂಬರು ಬಿತ್ತು, ಗುಜರಿಯವಗ ಕಿಲೋ ಲೆಕ್ಕ.
ಟೆಂಪೋ ಕೆಳಗ ಹಾರನ್ನು ಹೊಡೀತಿತ್ತು.
ಹನ್ನೊಂದು ಇಳಿದು ಹೋದವು.
ಹನ್ನೆರಡನೇದರ ಮುಂದ ಅಂಬಾರಾಯ ಕುಂತ.
ಮೂರು ಇ, ಸೊನ್ನೆ ಐದು—
ಎಲ್ಲಾ ಒತ್ತಿದ, ಎರಡು ಒಂದರ ತನಕ.
ಅಲ್ಲಿ ಬೆರಳು ನಿಂತಿತು.
ಏಳು ಆರು ಒತ್ತಲಿಲ್ಲ.
ಓಡಿಸಿಬಿಟ್ಟ.

ಕೆಂಪು ಗೆರಿ ಆರಿದವು. ಇಪ್ಪತ್ತೊಂದು ನೂರರ ಬಾಗಲ
ಯಾರೂ ತಟ್ಟಲಿಲ್ಲ. ಎಂಟು ಒಳಗೇ ಕುಂತಿತ್ತೋ,
ಕಸ ಬಂದು ತುಳಿದಿತ್ತೋ.
ಕೆಳಗಿನವ ಮತ್ತೆ ಹಾರನ್ನು ಹೊಡೆದ.
ನುಸ್ರತ್ ಬಾಗಿ
ಕರೀ ಹುಳದ ಬೆನ್ನ ಮ್ಯಾಲ ಬೆರಳಿಟ್ಟಳು.
ಬಿಸಿ ಅದ, ಸರ, ಅಂದಳು.